ಮೇಷ್ಟ್ರು ಆರಿಸಿದ ಕಾರು

ದೇವರು ಉತ್ತರ ಕೊಡಲಿಲ್ಲ, ಆದ್ದರಿಂದ ತನ್ನನ್ನು ಕರೆದಿದ್ದಾರೆ ಎಂಬುದು ನೆನಪಾದಾಗಲೆಲ್ಲ ಆತ್ರೇಯನಿಗೆ ನಗು ಬಂದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಅವನು ಶಂಕರಪುರಂನ ತನ್ನ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಎರಡನೆಯ ಸಲ ಗಡ್ಡ ಹೆರೆದುಕೊಳ್ಳುತ್ತಿದ್ದ. ಹಳೆಯ ವಿದ್ಯಾರ್ಥಿ ಲೋಹಿತ್ ಫೋನಿನಲ್ಲಿ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದ. ಎರಡು ಕಾರು ನೋಡಿದ್ದಾನೆ, ಎರಡೂ ಸ್ಪೋರ್ಟ್ಸ್ ಕಾರು. ಒಂದು ಹಳೇ ಪದ್ಧತಿಯದು, ಬರೀ ಪೆಟ್ರೋಲು, ಕೈಯಲ್ಲಿ ಗೇರು ಹಾಕಿ ಓಡಿಸುವಂಥದ್ದು. ಇನ್ನೊಂದು ಹೈಬ್ರಿಡ್, ಅರ್ಧ ಪೆಟ್ರೋಲು ಅರ್ಧ ಬ್ಯಾಟರಿ. ಅವನಿಗೆ ಮೊದಲನೆಯದು ಬೇಕು, ಹೆಂಡತಿ ಯಮುನಾಗೆ ಎರಡನೆಯದು. ತಿಂಗಳಿನಿಂದ ಮನೆಯಲ್ಲಿ ಇದೇ ರಗಳೆ. ತಾಯಿ ಅಂಜಿನಮ್ಮ ತಡೆಯಲಾರದೆ ಆಂಜನೇಯನ ಗುಡಿಗೆ ಹೋಗಿ ಹೂ ಕೇಳಿದ್ದಾಳೆ. ಬಲಗಡೆ ಬಿದ್ದರೆ ಪೆಟ್ರೋಲು, ಎಡಗಡೆ ಬಿದ್ದರೆ ಹೈಬ್ರಿಡ್. ಮುಕ್ಕಾಲು ಗಂಟೆ ಕೂತರೂ ಹೂ ಬೀಳಲಿಲ್ಲ. ಮುಂದಿನ ಶನಿವಾರವೂ ಬೀಳಲಿಲ್ಲ. ಕೊನೆಗೆ ಅರ್ಚಕರು, ದೇವರು ಮಾತಾಡದಿದ್ದರೆ ಗುರುವಿನ ಬಾಯಿಂದ ಬಂದದ್ದನ್ನೇ ಪ್ರಸಾದ ಅಂತ ತಗೊಳ್ಳಿ ಎಂದು ಹೇಳಿ ಸಾಗಹಾಕಿದ್ದಾರೆ. ಮಗನಿಗೆ ಇಂಜಿನ್ನಿನ ಪಾಠ ಹೇಳಿದ ಗುರು ಹತ್ತು ನಿಮಿಷದ ದಾರಿಯಲ್ಲೇ ಇರುವಾಗ ಇನ್ನೇನು. ಗಂಡ ಹೆಂಡತಿ ಇಬ್ಬರೂ ಅಂಜಿನಮ್ಮನ ಎದುರು ಒಪ್ಪಿದ್ದಾರೆ: ಮೇಷ್ಟ್ರು ಯಾವುದು ಅಂತಾರೋ ಅದು, ಮರುಮಾತಿಲ್ಲ.

ಎಂಥ ಜನ, ಎಂದುಕೊಂಡ ಆತ್ರೇಯ. ಹನುಮಂತನಿಗೆ ಪೆಟ್ರೋಲೋ ಬ್ಯಾಟರಿಯೋ ಎಂದು ಕೇಳುವ ಜನ. ಅಜ್ಜ ರಾಗಿ ಬೆಳೆದ ಹೊಲದಲ್ಲಿ ಸೈಟು ಬೆಳೆದು, ಆ ಸೈಟಿನ ಮೇಲೆ ಕಲ್ಯಾಣ ಮಂಟಪ ಬೆಳೆದು, ಈಗ ಚಾಮರಾಜಪೇಟೆಯ ಸಿಗ್ನಲ್ಲಿನಲ್ಲಿ ನಿಲ್ಲಿಸಿಕೊಳ್ಳಲು ಗಂಟೆಗೆ ಮುನ್ನೂರು ಕಿಲೋಮೀಟರು ಓಡುವ ಕಾರು ಬೇಕಾಗಿದೆ. ಆದರೂ ಅವನು ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಮತ್ತು ಅದು ತಿರಸ್ಕಾರದಿಂದಲ್ಲ. ಇಪ್ಪತ್ತೆಂಟು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಕಲಿಸಿದ ಮೇಲೆ ಮೊದಲ ಬಾರಿಗೆ ಒಬ್ಬರು ಅವನನ್ನು, ಮಾರ್ಕ್ಸಿಗಾಗಿ ಅಲ್ಲ, ಹಾಜರಿಗಾಗಿ ಅಲ್ಲ, ನಿಜವಾಗಿ ನಿಮಗೇನನ್ನಿಸುತ್ತದೆ ಎಂದು ಕೇಳಿದ್ದರು. ಏನನ್ನಿಸುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಪೆಟ್ರೋಲ್ ಕಾರಿನ ಆರು ಸಿಲಿಂಡರಿನ ಇಂಜಿನ್ನು, ಟರ್ಬೋ ಇಲ್ಲ, ಮೋಟಾರಿನ ಊರುಗೋಲಿಲ್ಲ, ತನ್ನ ಉಸಿರನ್ನು ತಾನೇ ಎಳೆದುಕೊಂಡು ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು ಹೋಗುವುದು. ಮನುಷ್ಯ ಕಬ್ಬಿಣದಲ್ಲಿ ಮಾಡಿದ ಅತ್ಯಂತ ಪ್ರಾಮಾಣಿಕ ವಸ್ತು ಅದೊಂದೇ ಎಂದು ಅವನು ನಂಬಿದ್ದ. ಹೈಬ್ರಿಡ್ ಎಂದರೆ ಅವನಿಗೆ ಎರಡೂ ಮನೆಯಲ್ಲಿ ಉಣ್ಣುವ ಅಳಿಯ. ಈ ಮಾತನ್ನು ಇವತ್ತು ಹೇಳಬೇಕೆಂದು ಅವನು ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡೂ ಆಗಿತ್ತು.

ಸುಪ್ರಜಾ ಬಾಗಿಲಲ್ಲಿ ಬಂದು ನಿಂತು ಕಾರಿನಲ್ಲಿ ಬಿಡಲೇ ಎಂದು ಕೇಳಿದಳು. ಅವರ ಮನೆಯಲ್ಲೊಂದು ಪುಟ್ಟ ಬಿಳಿ ಕಾರಿತ್ತು, ಅದನ್ನು ಓಡಿಸುವವಳು ಅವಳು. ನಲವತ್ತೊಂದನೆಯ ವಯಸ್ಸಿನಲ್ಲಿ ಗಾಂಧಿಬಜಾರಿನ ಹಿಂದಿನ ಒಂದು ಡ್ರೈವಿಂಗ್ ಸ್ಕೂಲಿಗೆ ಇಪ್ಪತ್ತು ದಿನ ಹೋಗಿ ಕಲಿತು, ಇಪ್ಪತ್ತೊಂದನೆಯ ದಿನದಿಂದ ಹೈಸ್ಕೂಲಿಗೆ ಗಣಿತ ಹೇಳಲು ಅದರಲ್ಲೇ ಹೋಗಿ ಬರುತ್ತಿದ್ದಳು. ಪಕ್ಕದಲ್ಲಿ ಕೂತು ಆತ್ರೇಯ ಯಾವಾಗ ಕ್ಲಚ್ ಬಿಡಬೇಕು, ಯಾವ ಗೇರಿನಲ್ಲಿ ಎಷ್ಟು ಸುತ್ತು ಎಂದು ಹೇಳುತ್ತಿದ್ದ. ಯಾರಾದರೂ ಕೇಳಿದರೆ ಹೆಂಗಸರಿಗೆ ಅಭ್ಯಾಸವಾಗಲಿ ಎಂದು ಬಿಟ್ಟುಕೊಟ್ಟಿದ್ದೇನೆ ಎನ್ನುತ್ತಿದ್ದ. ನಡೆದೇ ಹೋಗುತ್ತೇನೆ ಎಂದು ಅವನು ಹೇಳಿದರೂ ಅವಳು ಬಾಗಿಲು ಬಿಟ್ಟು ಹೋಗಲಿಲ್ಲ. ಸ್ವಲ್ಪ ಹೊತ್ತು ಅವನ ಬೆನ್ನನ್ನೇ ನೋಡಿ, "ಓಡ್ಸಿ ನೋಡಿ ಅಂದ್ರೆ ಏನ್ಮಾಡ್ತೀರಿ?" ಎಂದಳು. ಅವನಿಗೆ ಬ್ಲೇಡು ತಾಗಿತು. ಸಲಹೆ ಕೇಳಲು ಕರೆದವರು ಸಲಹೆ ಕೇಳುತ್ತಾರೆ, ಅವರೇನು ಡ್ರೈವರನ್ನು ಹುಡುಕುತ್ತಿಲ್ಲ ಎಂದು ಅವನು ಕನ್ನಡಿಯೊಳಗಿನ ಅವಳಿಗೆ ಹೇಳಿದ. ಅವಳು ರಕ್ತ ನಿಲ್ಲಲೆಂದು ಪಟಿಕದ ಚೂರು ತಂದು ಕೊಟ್ಟು ಒಳಗೆ ಹೋದಳು.

ಓಡಿಸಲು ಅವನಿಗೆ ಬರುತ್ತಿರಲಿಲ್ಲ. ಇದೊಂದು ದೊಡ್ಡ ಪಾಪವೇ, ಎಂದು ಶಂಕರಪುರಂನ ನೆರಳಿನ ರಸ್ತೆಯಲ್ಲಿ ನಡೆಯುತ್ತ ಅವನು ಸಾವಿರದ ಒಂದನೆಯ ಬಾರಿ ತನ್ನೊಂದಿಗೆ ವಾದಿಸಿದ. ಹೆರಿಗೆ ಮಾಡಿಸುವ ಡಾಕ್ಟರು ಹೆತ್ತಿರಬೇಕೆಂದೇನಿದೆ. ಆದರೆ ಆ ಡಾಕ್ಟರು ಹೆತ್ತಿದ್ದೇನೆ ಎಂದು ಸುಳ್ಳು ಹೇಳುವುದಿಲ್ಲ. ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ವರ್ಷ, ಅವನು ಲೈಸೆನ್ಸಿಗೆ ಹೋಗಿದ್ದ. ಕ್ಲಚ್ಚಿನ ತಟ್ಟೆಯ ಮೇಲಿನ ಬಲವನ್ನು ಲೆಕ್ಕ ಹಾಕಿ ಹೇಳಬಲ್ಲವನ ಎಡಗಾಲು ಆ ದಿನ ಮೈದಾನದಲ್ಲಿ ನಡುಗುತ್ತ ಮೂರು ಸಲ ಇಂಜಿನ್ ಆರಿಸಿತು. ಹಿಂದೆ ಸಾಲಿನಲ್ಲಿದ್ದ ಆಟೋದವರು ಹೋ ಎಂದರು. ಇನ್‌ಸ್ಪೆಕ್ಟರು ಅರ್ಜಿಯಲ್ಲಿ ಉದ್ಯೋಗದ ಕಾಲಂ ಓದಿ, ತಲೆ ಎತ್ತಿ ಅವನನ್ನು ನೋಡಿ, ಮತ್ತೆ ಓದಿ, ಏನೂ ಹೇಳದೆ ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು ವಾಪಸು ಕೊಟ್ಟ. ಬೈದಿದ್ದರೆ ಮರೆಯಬಹುದಿತ್ತು. ಆ ಮೇಲೆ ಆತ್ರೇಯ ಸ್ಟಿಯರಿಂಗ್ ಮುಟ್ಟಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಪಾಠಕ್ಕೊಂದು ಜೀಪಿತ್ತು. ಅದನ್ನು ಹೊರಗೆ ತೆಗೆಯುವ ದಿನ ಅವನಿಗೆ ಸೊಂಟ ನೋವು, ಇಲ್ಲವೇ ಪ್ರಿನ್ಸಿಪಾಲರ ಮೀಟಿಂಗು. ಲ್ಯಾಬಿನ ಮುನಿಸ್ವಾಮಿ ಜೀಪು ಓಡಿಸುತ್ತಿದ್ದ, ಆತ್ರೇಯ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಶಕ್ತಿಯ ಹರಿವನ್ನು ತೋರಿಸುತ್ತಿದ್ದ. ಇಪ್ಪತ್ತೆಂಟು ವರ್ಷ ಇದು ನಡೆದುಹೋಯಿತು.

ಲೋಹಿತ್ ಆ ಬೋರ್ಡಿನ ಎದುರು ಕೊನೆಯ ಬೆಂಚಿನಲ್ಲಿ ಕೂತಿದ್ದವನು. ಥರ್ಮೋಡೈನಮಿಕ್ಸಿನಲ್ಲಿ ಮೂರು ಸಲ ಕೂತು ನಾಲ್ಕನೆಯ ಸಲ ದಡ ಮುಟ್ಟಿದ ಮಹಾನುಭಾವ. ಒಮ್ಮೆ ಕ್ಲಚ್ ಏನು ಮಾಡುತ್ತದೆ ಎಂದು ಕೇಳಿದಾಗ ಎದ್ದು ನಿಂತು, ಇಂಜಿನ್ನೂ ಚಕ್ರವೂ ಹಿಡಿದುಕೊಂಡಿರೋ ಕೈ ಬಿಡಿಸ್ತದೆ ಸಾರ್ ಎಂದಿದ್ದ. ಆತ್ರೇಯ ಆ ಮಾತನ್ನು ಅವನದೇ ಧಾಟಿಯಲ್ಲಿ ಮೂರು ಸಲ ಹೇಳಿ ಇಡೀ ತರಗತಿಯನ್ನು ನಗಿಸಿದ್ದ, ಮದುವೆ ಮಂಟಪದಲ್ಲಿ ಕೈ ಹಿಡಿಸೋದು ಬಿಡಿಸೋದು ಮಾಡು ಹೋಗು ಎಂದಿದ್ದ. ಹುಡುಗನೂ ನಕ್ಕಿದ್ದ, ಕಿವಿ ಕೆಂಪಾಗಿತ್ತು. ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಂತು, ಡ್ರೈವರನ ಎಡಗಾಲು ಏಳುವುದು ಇಳಿಯುವುದನ್ನು ನೋಡುತ್ತಿದ್ದಾಗ, ಹುಡುಗ ಹೇಳಿದ್ದು ಪುಸ್ತಕದಲ್ಲಿರುವುದಕ್ಕಿಂತ ಸರಿಯಾಗಿದೆ ಎಂದು ಅವನಿಗೆ ಹೊಳೆದಿತ್ತು. ಮರುದಿನ ಅದನ್ನು ಹೇಳಬಹುದಾಗಿತ್ತು. ಹೇಳಲಿಲ್ಲ. ಮಂಟಪದ ಮಾತು ಮಾತ್ರ ನಿಜವಾಯಿತು, ಆ ಹುಡುಗ ಈಗ ಮೂರು ಮಂಟಪದ ಯಜಮಾನ, ಮತ್ತು ಪ್ರತಿ ಯುಗಾದಿಗೆ ಒಂದು ಬುಟ್ಟಿ ಮಾವಿನಹಣ್ಣು ಕಳಿಸುತ್ತಾನೆ. ಆ ಹಣ್ಣನ್ನು ತಿನ್ನುವಾಗಲೆಲ್ಲ ಆತ್ರೇಯನಿಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು.

ಚಾಮರಾಜಪೇಟೆಯ ಆ ಮನೆಯ ಮುಂದೆ ಜನ ಸೇರಿದ್ದರು. ಇಂಥ ಗಿರಾಕಿಗಳಿಗೆ ಕಂಪನಿಯವರು ಕಾರನ್ನು ಮನೆ ಬಾಗಿಲಿಗೇ ತರುತ್ತಾರೆ. ಲಾರಿಯ ಮೇಲಿಂದ ಇಳಿಸಿದ ಎರಡು ಕಾರುಗಳು, ಒಂದು ಕೆಂಪು, ಒಂದು ಬೂದು, ಎರಡೂ ನೆಲಕ್ಕೆ ಅಂಟಿಕೊಂಡು ನಿಂತಿದ್ದವು. ಕೆಂಪು ಪೆಟ್ರೋಲಿನದು, ಬೂದು ಹೈಬ್ರಿಡ್. ಎದುರು ಮನೆಯವರು ಮಹಡಿಯ ಮೇಲಿಂದ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಲೋಹಿತ್ ಓಡಿ ಬಂದು ಬೀದಿಯಲ್ಲೇ ಅವನ ಕಾಲು ಮುಟ್ಟಿದ. ಮೂವತ್ತೆಂಟರ ಆಳು, ಹೊಟ್ಟೆ ಬಂದಿತ್ತು, ಬಗ್ಗುವಾಗ ಏದುಸಿರು ಬಿಟ್ಟ. ಆ ಕಾರಿನೊಳಗೆ ಇಳಿಯುವಾಗಲೂ ಹೀಗೇ ಬಗ್ಗಬೇಕು, ಎಂದುಕೊಂಡು ಆತ್ರೇಯ ಒಳಗೊಳಗೇ ನಕ್ಕ. ಅಂಜಿನಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಯಮುನಾ ಕಂಬದ ಪಕ್ಕದಲ್ಲಿ ಇದ್ದಳು, ಸಪ್ಪಗಿನ ಮುಖ, ಸೀರೆಗೆ ಒರಗಿಕೊಂಡು ಏಳೆಂಟು ವರ್ಷದ ಮಗಳು ಮಾನ್ಯ. ಹುಡುಗಿ ಕಿವಿಗೆ ದೊಡ್ಡ ನೀಲಿ ಹೆಡ್‌ಫೋನು ಹಾಕಿಕೊಂಡಿತ್ತು. ಮನೆಗೆ ಹಿರಿಯರು ಬಂದಾಗಲೂ ಕಿವಿಯಿಂದ ಅದನ್ನು ತೆಗೆಯಬೇಕೆಂದು ಹೇಳುವವರು ಗತಿಯಿಲ್ಲ. ನಮಸ್ಕಾರ ಮಾಡು ಎಂದರೆ ಅದು ಅವನ ಚಪ್ಪಲಿಯನ್ನು ನೋಡಿತು. ಶ್ರೀಮಂತರ ಮಕ್ಕಳು, ಎಂದುಕೊಂಡ.

ಕಂಪನಿಯ ಮನೋಹರ್ ಎಂಬ ಯುವಕ, ಬಿಸಿಲಿನಲ್ಲೂ ಕೋಟು ತೊಟ್ಟವನು, ಇವರೇ ನಿರ್ಧರಿಸುವವರು ಎಂದು ತಿಳಿದ ಕೂಡಲೆ ಮಾತನ್ನೆಲ್ಲ ಆತ್ರೇಯನ ಕಡೆ ತಿರುಗಿಸಿದ. ಆತ್ರೇಯ ಅವನನ್ನು ಎರಡು ಪ್ರಶ್ನೆ ಕೇಳಿದ, ಮೂರನೆಯದಕ್ಕೆ ಯುವಕ ತಡವರಿಸಿದ, ಜನ ತಲೆದೂಗಿದರು, ಲೋಹಿತ್ ಹೆಮ್ಮೆಯಿಂದ ಸುತ್ತ ನೋಡಿದ. ಇದು ಆತ್ರೇಯನಿಗೆ ಬಹಳ ಹಿತವಾಯಿತು. ಆಮೇಲೆ ಮನೋಹರ್ ಬೂದು ಕಾರಿನಲ್ಲಿ ಕೂತು ಅದನ್ನು ನಾಲ್ಕು ಮಾರು ಮುಂದೆ, ನಾಲ್ಕು ಮಾರು ಹಿಂದೆ ಓಡಿಸಿ ತೋರಿಸಿದ. ಬ್ಯಾಟರಿಯ ಮೇಲೆ ಹೋಗುವಾಗ ಅದರಿಂದ ಸದ್ದೇ ಇರಲಿಲ್ಲ, ಟೈರು ಮಣ್ಣನ್ನು ತುಳಿದದ್ದು ಮಾತ್ರ ಕೇಳಿಸಿತು. ಅಂಜಿನಮ್ಮ, ಚಾಲೂ ಮಾಡ್ನಿಲ್ವಲ್ಲ, ತಳ್ಳವ್ರಾ ಎಂದು ಕೇಳಿದಳು. ನಂತರ ಅವನು ಕೆಂಪು ಕಾರಿಗೆ ಹೋಗಿ ಗುಂಡಿ ಒತ್ತಿದ.

ಆ ಶಬ್ದ ರಸ್ತೆಯ ಎರಡೂ ಬದಿಯ ಗೋಡೆಗಳಿಗೆ ಬಡಿದು ಬಂತು. ಆತ್ರೇಯ ಇದನ್ನು ಸಾವಿರ ಸಲ ಮೊಬೈಲಿನಲ್ಲಿ ಕೇಳಿದ್ದ, ಎಂದೂ ಎದೆಗೂಡಿನಲ್ಲಿ ಕೇಳಿರಲಿಲ್ಲ. ಯುವಕ ಕಾಲು ಒತ್ತಿದಂತೆ ಅದು ಮೇಲೆ ಮೇಲೆ ಹೋಯಿತು, ಐದು ಸಾವಿರ, ಏಳು ಸಾವಿರ, ಅವನು ಕಿವಿಯಿಂದಲೇ ಎಣಿಸಿದ, ಕಣ್ಣಲ್ಲಿ ನೀರು ತುಂಬಿತು, ಅದು ಗೊತ್ತಾಗಬಾರದೆಂದು ಕನ್ನಡಕ ತೆಗೆದು ಒರೆಸಿದ. ಐವತ್ತಾರು ವರ್ಷದಲ್ಲಿ ಅವನನ್ನು ಇಷ್ಟು ಸುಖಪಡಿಸಿದ್ದು ಬೇರೆ ಏನೂ ಇರಲಿಲ್ಲ. ಮೆಟ್ಟಿಲ ಕಡೆ ಏನೋ ಗಲಾಟೆಯಾಯಿತು. ಆ ಹುಡುಗಿ ನೀಲಿ ಹೆಡ್‌ಫೋನಿನ ಮೇಲೆ ಎರಡೂ ಕೈ ಒತ್ತಿಕೊಂಡು ಕಿರುಚುತ್ತಿತ್ತು, ಯಮುನಾ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಹಟಮಾರಿ ಪಿಂಡ. ಸಂಗೀತ ಕಚೇರಿಯ ನಡುವೆ ಮಕ್ಕಳನ್ನು ಅಳಿಸುವ ತಾಯಂದಿರ ಮೇಲೆ ಬರುವಂಥ ಸಿಟ್ಟು ಅವನಿಗೆ ಬಂತು.

ಮನೋಹರ್ ಇಂಜಿನ್ ನಿಲ್ಲಿಸಿ ಇಳಿದ. ಆತ್ರೇಯ ಕನ್ನಡಕ ಹಾಕಿಕೊಂಡು, ಅಳಿಯನ ಮಾತಿನಿಂದ ಶುರುಮಾಡುವುದೆಂದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಲೋಹಿತ್ ಕೆಂಪು ಕಾರಿನ ಕೀಯನ್ನು ಅವನ ಅಂಗೈಯಲ್ಲಿಟ್ಟು ಮುಚ್ಚಿದ. "ಸಾರ್, ಒಂದ್ ರೌಂಡ್ ನೀವೇ ಓಡ್ಸ್‌ಬಿಟ್ಟು ಬನ್ನಿ. ಆಮೇಲೆ ಹೇಳಿ." ಜನ ದಾರಿ ಬಿಟ್ಟರು. ತೆರೆದ ಬಾಗಿಲಿನೊಳಗೆ ಮೂರು ಪೆಡಲುಗಳು ಕಾಣುತ್ತಿದ್ದವು, ಹೊಳೆಯುವ ಲೋಹದವು, ಎಡಗಡೆಯದು ಸ್ವಲ್ಪ ಎತ್ತರ. ಆತ್ರೇಯನ ಎಡಗಾಲು ಪ್ಯಾಂಟಿನೊಳಗೆ ನಡುಗತೊಡಗಿತು. ಎದುರು ಮಹಡಿಯಲ್ಲಿ ನಾಲ್ಕು ಮೊಬೈಲುಗಳು ಅವನ ಕಡೆಗಿದ್ದವು. ಮೂರು ಸಲ ಆರುತ್ತದೆ, ನಾಲ್ಕನೆಯ ಸಲ ಹಾರಿ ಹೋಗಿ ಆ ಕಂಬಕ್ಕೆ ಹೊಡೆಯುತ್ತದೆ. ಕೀ ಬೆವರಿನಲ್ಲಿ ಜಾರುತ್ತಿತ್ತು. ಅವನು ಅದನ್ನು ಲೋಹಿತನ ಅಂಗಿಯ ಜೇಬಿನೊಳಗೆ ಇಳಿಬಿಟ್ಟು, ತನ್ನ ಧ್ವನಿಯನ್ನು ತಾನೇ ದೂರದಿಂದ ಕೇಳುವವನಂತೆ ಕೇಳಿದ. "ಇದನ್ನ ಓಡಿಸಿ ನೋಡೋದೇನಿದೆಯಪ್ಪಾ. ಇದರ ಕಾಲ ಮುಗೀತು. ಹೈಬ್ರಿಡ್ ತಗೋ."

ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತಿಗೆ ಬರವಿರಲಿಲ್ಲ. ಮೋಟಾರು ನಿಂತ ಜಾಗದಿಂದಲೇ ಕೊಡುವ ಎಳೆತ, ಬ್ರೇಕಿನಲ್ಲಿ ಸುಟ್ಟುಹೋಗುವ ಶಕ್ತಿಯನ್ನು ಮತ್ತೆ ಬ್ಯಾಟರಿಗೆ ತುಂಬುವ ವಿದ್ಯೆ, ಎಲ್ಲವನ್ನೂ ಅವನು ಬೀದಿಯಲ್ಲಿ ನಿಂತು ಒಂದು ಪೀರಿಯಡ್ಡಿನ ಅಚ್ಚುಕಟ್ಟಿನಲ್ಲಿ ವಿವರಿಸಿದ, ಮತ್ತು ವಿಚಿತ್ರವೆಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಲೋಹಿತನ ಮುಖ ಇಳಿದುಹೋಗಿತ್ತು. ಆ ಸೌಂಡು ನಿಮಗೆ ಇಷ್ಟ ಆಗಲಿಲ್ಲವಾ ಸಾರ್ ಎಂದು ಒಂದೇ ಒಂದು ಸಲ ಕೇಳಿದ. ಶಬ್ದ ಎಂದರೆ ವ್ಯರ್ಥವಾಗಿ ಹೋದ ಶಕ್ತಿ ಎಂದ ಆತ್ರೇಯ. ಆಯ್ತು ಸಾರ್ ಎಂದು ಲೋಹಿತ್ ತಲೆ ಬಗ್ಗಿಸಿದ, ಥೇಟ್ ಕೊನೆಯ ಬೆಂಚಿನ ಹುಡುಗ. ಅಂಜಿನಮ್ಮ ಮೆಟ್ಟಿಲಿಳಿದು ಬಂದು ಬೂದು ಕಾರಿನ ಮೂತಿಗೆ ಕುಂಕುಮವಿಟ್ಟಳು. "ಗುರುಗೋಳು ಹೇಳಾಯ್ತು. ಇನ್ಯಾರೂ ಸೊಲ್ಲೆತ್ತಂಗಿಲ್ಲ." ಇಷ್ಟು ಸುಲಭವಾಗಿ ತಾನು ಉಗುಳಿದ್ದನ್ನು ಇವರು ತೀರ್ಥವೆಂದು ಕುಡಿದರಲ್ಲ, ಎಂದು ಆತ್ರೇಯನಿಗೆ ಅವರ ಮೇಲೆ ಹೇಸಿಗೆಯಾಯಿತು. ತನ್ನ ಮೇಲೆ ಆಗಬೇಕಾದದ್ದು ಅವರ ಮೇಲೆ ಆಗುತ್ತಿದೆ ಎಂಬ ಅರಿವೂ ಹಿಂದೆಯೇ ಬಂತು, ಆದರೆ ತಿಂಡಿಗೆ ಒಳಗೆ ಕರೆದದ್ದರಿಂದ ಅದು ಅಲ್ಲೇ ಉಳಿಯಿತು.

ಒಳಗೆ ಬೆಳ್ಳಿ ತಟ್ಟೆಯಲ್ಲಿ ಖಾರಾಬಾತು, ಕೇಸರಿಬಾತು. ತಿಂದು ಕೈ ತೊಳೆಯಲು ಹಿತ್ತಲಿನ ಬೇಸಿನ್ನಿಗೆ ಹೋದಾಗ ಯಮುನಾ ಟವೆಲು ಹಿಡಿದು ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ಮಾನ್ಯಳಿಗೆ ಶಬ್ದ ತಡೆಯುವುದಿಲ್ಲ ಎಂದು ಅವಳು ನಿಧಾನವಾಗಿ ಹೇಳಿದಳು. ಕುಕ್ಕರು ಕೂಗಿದರೂ ಆಗುವುದಿಲ್ಲ, ದೀಪಾವಳಿಯಲ್ಲಿ ಮೂರು ದಿನ ಊರು ಬಿಡುತ್ತಾರೆ. ಅವಳು ಕಿವಿಗೆ ಹಾಕಿಕೊಂಡದ್ದು ಹಾಡು ಕೇಳುವುದಲ್ಲ, ಶಬ್ದ ತಡೆಯಲು ಡಾಕ್ಟರು ಕೊಟ್ಟದ್ದು. ಹೋದ ತಿಂಗಳು ಲೋಹಿತ್ ಸ್ನೇಹಿತನ ಇಂಥದೇ ಕಾರನ್ನು ತಂದು ಮನೆ ಮುಂದೆ ಚಾಲೂ ಮಾಡಿದಾಗ ಮಗು ತನ್ನ ಕೈಯನ್ನೇ ಕಚ್ಚಿಕೊಂಡಿತು, ಎರಡು ದಿನ ಅನ್ನ ಮುಟ್ಟಲಿಲ್ಲ. ಅವರಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ಆದರೆ ಕೇಳಿ ಕೇಳಿ ಅಭ್ಯಾಸವಾಗುತ್ತದೆ ಅನ್ನುತ್ತಾರೆ, ಅತ್ತೆಯೂ ಹಾಗೇ ಅನ್ನುತ್ತಾರೆ. ದಿನಾ ಬೆಳಿಗ್ಗೆ ಆ ಶಬ್ದವಾದರೆ ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ ಎಂದು ತಾನು ಒಂದು ತಿಂಗಳಿನಿಂದ ಯೋಚಿಸುತ್ತಿದ್ದೆ ಎಂದಳು. "ನಿಮ್ಮನ್ನ ಮೊದ್ಲೇ ಕಂಡು ಕೇಳ್ಕೊಳ್ಳೋಣ ಅಂತಿದ್ದೆ ಸಾರ್. ಧೈರ್ಯ ಬರ್ಲಿಲ್ಲ. ನೀವು ಅವಳನ್ನ ನೋಡೇ ಅರ್ಥ ಮಾಡ್ಕೊಂಡ್ರಿ." ಆತ್ರೇಯ ಟವೆಲಿನಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡ. ಇಲ್ಲಮ್ಮ, ನನಗೆ ಗೊತ್ತಿರಲಿಲ್ಲ ಎನ್ನಲು ಬೇಕಾದಷ್ಟು ಸಮಯವಿತ್ತು. "ನೋಡಿದ ತಕ್ಷಣ ಗೊತ್ತಾಗುತ್ತಮ್ಮ," ಎಂದ. ಅವಳು ಕೈ ಮುಗಿದಳು. ಕೇಸರಿಬಾತಿನ ತುಪ್ಪ ಇನ್ನೂ ನಾಲಿಗೆಯ ಮೇಲಿತ್ತು, ಅವನಿಗೆ ಎಲ್ಲವೂ ಸಿಹಿಯಾಗಿತ್ತು. ನಡುಮನೆಗೆ ಬರುವಷ್ಟರಲ್ಲಿ ತಾನು ಹಾಗೆ ಹೇಳಿದ್ದು ಮಗುವಿಗಾಗಿಯೇ ಎಂದು ಅವನಿಗೇ ಅರ್ಧ ನಂಬಿಕೆ ಬಂದಿತ್ತು.

ಮಧ್ಯಾಹ್ನ ಎರಡಕ್ಕೆ ಲಾರಿ ಬರುವವರೆಗೂ ಎರಡೂ ಕಾರು ಅಲ್ಲೇ ಇರುತ್ತವೆ, ಕಾಗದಕ್ಕೆ ಸಹಿ ಆಮೇಲೆ ಎಂದು ಮನೋಹರ್ ಹೇಳಿದ. ಕೊನೇ ಸಲ ಇದರಲ್ಲಿ ನಿಮ್ಮನ್ನು ಮನೆಗೆ ಬಿಡುತ್ತೇನೆ ಎಂದು ಲೋಹಿತ್ ಕೆಂಪು ಕಾರಿನ ಬಾಗಿಲು ತೆರೆದ. ಮನೆಯ ಮುಂದೆ ಚಾಲೂ ಮಾಡಲಿಲ್ಲ. ಹೆಂಡತಿಯ ಮುಖ ನೋಡಿ, ನಾಲ್ವರಿಂದ ಮೂಲೆಯ ತನಕ ತಳ್ಳಿಸಿದ. ಬಸವನಗುಡಿಯ ಕಡೆ ಸುತ್ತು ಹಾಕಿ ಹೋಗುವಾಗ ಇಂಜಿನ್ನು ಆತ್ರೇಯನ ಬೆನ್ನಿಗೆ ಎರಡು ಗೇಣು ದೂರದಲ್ಲಿ ಉಸಿರಾಡುತ್ತಿತ್ತು. ಎರಡನೆಯ ಗೇರಿನಿಂದ ಮೂರಕ್ಕೆ ಲೋಹಿತ್ ಎಷ್ಟು ನವುರಾಗಿ ಹೋದನೆಂದರೆ ಆತ್ರೇಯನಿಗೆ ಹೊಟ್ಟೆಕಿಚ್ಚಾಯಿತು. ದಪ್ಪ ಕೈ, ದಪ್ಪ ಬೆರಳು, ಕಡಗ, ಆದರೆ ಗೇರಿನ ಮೇಲೆ ಅದು ವೀಣೆಯವರ ಕೈಯಂತೆ ಕೂತಿತ್ತು. ಭಾನುವಾರದ ಖಾಲಿ ರಸ್ತೆ, ಮರದ ನೆರಳು. ಈ ಮೂರು ನಿಮಿಷ ಮುಗಿದರೆ ತನ್ನ ಜೀವನದಲ್ಲಿ ಇದು ಮತ್ತೆ ಬರುವುದಿಲ್ಲ ಎಂದು ಅವನಿಗೆ ತಿಳಿದಿತ್ತು.

ಒಂದು ಹೊಂಗೆ ಮರದ ಕೆಳಗೆ ಲೋಹಿತ್ ಕಾರು ನಿಲ್ಲಿಸಿದ. ಸ್ವಲ್ಪ ಹೊತ್ತು ಸ್ಟಿಯರಿಂಗ್ ಮೇಲಿನ ಧೂಳು ಒರೆಸಿದ. ತಪ್ಪು ತಿಳಿಯಬೇಡಿ ಎಂದು ಎರಡು ಸಲ ಹೇಳಿ, ಬೆಳಿಗ್ಗೆ ತಾನು ಕೀ ಕೊಡಬಾರದಿತ್ತು, ಖುಷಿಯಲ್ಲಿ ಮರೆತೇ ಹೋಯಿತು ಎಂದ. ಏನು ಮರೆತದ್ದು ಎಂದು ಆತ್ರೇಯ ಕೇಳಿದ, ಕೇಳಬಾರದಿತ್ತು ಎಂದು ಕೇಳುತ್ತಿರುವಾಗಲೇ ತಿಳಿಯಿತು. "ನಿಮಗೆ ಓಡ್ಸೋಕ್ ಬರಲ್ಲ ಅಲ್ವಾ ಸಾರ್. ನಮ್ ಬ್ಯಾಚಿಗೆಲ್ಲಾ ಗೊತ್ತಿತ್ತು. ಮುನಿಸ್ವಾಮಿ ಹೇಳಿದ್ರು, ಯಾರೂ ಬಾಯಿ ಬಿಡ್ಬಾರ್ದು, ಮೇಷ್ಟ್ರ ಮರ್ಯಾದೆ ಅಂತ. ನಾವ್ಯಾರೂ ಬಿಡ್ಲಿಲ್ಲ." ಅವನ ಧ್ವನಿಯಲ್ಲಿ ಹಾಸ್ಯದ ಸುಳಿವೂ ಇರಲಿಲ್ಲ. ಅದರಲ್ಲಿ ಇದ್ದದ್ದು ಕರುಣೆ. ಇಪ್ಪತ್ತೆಂಟು ವರ್ಷ ಬೋರ್ಡಿನ ಮುಂದೆ ಬಾಣ ಬರೆಯುತ್ತಿದ್ದಾಗ ಹಿಂದೆ ನಲವತ್ತು ಹುಡುಗರು, ಪ್ರತಿ ವರ್ಷ ಬೇರೆ ನಲವತ್ತು, ಒಬ್ಬರಿಗೊಬ್ಬರು ಹೇಳಿಕೊಂಡು ತನ್ನನ್ನು ಕಾಪಾಡಿದ್ದಾರೆ; ಮಂಟಪದಲ್ಲಿ ಕೈ ಬಿಡಿಸು ಹೋಗು ಎಂದು ತಾನು ನಗುವಾಗ ಆ ಕೆಂಪು ಕಿವಿಯ ಹುಡುಗನಿಗೆ ಇದು ಗೊತ್ತಿತ್ತು, ಒಂದು ಮಾತು ಹೇಳಿದ್ದರೆ ತರಗತಿ ತಿರುಗಿ ಬೀಳುತ್ತಿತ್ತು, ಅವನು ಹೇಳಲಿಲ್ಲ. ಆತ್ರೇಯನಿಗೆ ಆ ಇನ್‌ಸ್ಪೆಕ್ಟರನ ಎರಡು ಬೆರಳು ಕಂಡವು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಲೋಹಿತ್ ಅವನ ಕಡೆ ತಿರುಗದೆ ಮಾತು ಮುಂದುವರಿಸಿದ. ಒಂದೇ ಒಂದು ಕೇಳುತ್ತೇನೆ, ಆಮೇಲೆ ಜನ್ಮದಲ್ಲಿ ಈ ಮಾತೆತ್ತುವುದಿಲ್ಲ. ಕೀ ಕೊಟ್ಟ ಗಾಬರಿಗೆ ಹಾಗೆ ಹೇಳಿದಿರೋ, ಅಥವಾ ನಿಜವಾಗಿಯೂ ನಿಮ್ಮ ಮನಸ್ಸಿನಲ್ಲಿರುವುದು ಅದೇನೋ. "ನಿಜ ಅದೇ ಅಂದ್ರೆ ಅದೇ ತಗೋತೀನಿ ಸಾರ್. ನೀವ್ ಹೇಳಿದ್ ಮೇಲೆ ಮುಗೀತು."

ನಿನ್ನ ಮಗಳಿಗಾಗಿ ಹೇಳಿದೆ ಎನ್ನಬಹುದಿತ್ತು. ಆ ವಾಕ್ಯ ಬಾಯಲ್ಲಿ ಸಿದ್ಧವಾಗಿಯೇ ಇತ್ತು, ಹಿತ್ತಲಿನಲ್ಲಿ ಒಮ್ಮೆ ಉಪಯೋಗಿಸಿಯೂ ಆಗಿತ್ತು. ಕಿವಿಯ ನೀಲಿ ಮುಚ್ಚಳದ ಮೇಲೆ ಒತ್ತಿಕೊಂಡ ಎರಡು ಪುಟ್ಟ ಕೈಗಳೂ ಕಣ್ಣ ಮುಂದೆ ಬಂದವು, ಬರಲಿಲ್ಲವೆಂದಲ್ಲ. ಆದರೆ ಹಾಗೆಂದರೆ ಈ ದಡ್ಡನ ಕಾರಿನಲ್ಲಿ, ಈ ದಡ್ಡನ ದಯೆಯಲ್ಲಿ, ಗೇರು ಹಾಕಲು ಬಾರದ ಒಬ್ಬ ಒಳ್ಳೆಯ ಮುದುಕನಾಗಿ ಉಳಿಯಬೇಕಿತ್ತು. ತನಗೆ ಕೈಲಾಗದಿರಬಹುದು, ಗೊತ್ತಿಲ್ಲವೆಂದು ಯಾರೂ ಅನ್ನಕೂಡದು. "ಕೆಂಪು ಕಾರೇ ಕಾರು ಕಣೋ," ಎಂದ ಅವನು. "ಇನ್ನೊಂದು ಎರಡು ಮನೇಲಿ ಉಣ್ಣೋ ಅಳಿಯ. ಅದನ್ನ ತಗೊಂಡ್ರೆ ನಿನಗೆ ನಾನು ಪಾಠ ಹೇಳಿದ್ದೇ ದಂಡ." ಲೋಹಿತ್ ಗಟ್ಟಿಯಾಗಿ ನಕ್ಕು, ಕೂತಲ್ಲಿಂದಲೇ ಅವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಫೋನು ತೆಗೆದು ಮನೋಹರನಿಗೆ, ಕೆಂಪಿನದೇ ಬರ್ಕೋ ಗುರು, ಮೇಷ್ಟ್ರು ನಿಜ ಹೇಳಿದ್ರು ಎಂದ. ಶಂಕರಪುರಂ ತಲುಪುವವರೆಗೆ ಇಬ್ಬರೂ ಇಂಜಿನ್ನಿನ ಬಗ್ಗೆ ಮಾತಾಡಿದರು. ಇಷ್ಟು ಚೆನ್ನಾಗಿ ಆತ್ರೇಯ ಎಂದೂ ಪಾಠ ಹೇಳಿರಲಿಲ್ಲ.

ಸುಪ್ರಜಾ ಊಟಕ್ಕೆ ಬಡಿಸುತ್ತ ಏನಾಯಿತೆಂದು ಕೇಳಿದಳು. ಅವನು ನಡೆದದ್ದರಲ್ಲಿ ಬೇಕಾದಷ್ಟನ್ನು ಹೇಳಿದ. ಮನೆಯವರೆಲ್ಲ ಹೈಬ್ರಿಡ್ ಹೈಬ್ರಿಡ್ ಎಂದು ಕೂತಿದ್ದರು, ತಾನು ಕಡ್ಡಿ ತುಂಡು ಮಾಡಿದಂತೆ ಪೆಟ್ರೋಲೇ ಸರಿ ಎಂದೆ, ಲೋಹಿತ್ ಅಲ್ಲೇ ಕಾಲು ಮುಟ್ಟಿದ ಎಂದ. ಓಡಿಸಿದಿರಾ ಎಂದು ಅವಳು ಕೇಳಲಿಲ್ಲ, ಸಾರು ಹಾಕಿದಳು. ಆಗ ಫೋನು ಬಂತು, ಪರದೆಯ ಮೇಲೆ ಲೋಹಿತನ ಹೆಸರಿತ್ತು. ನೋಡು, ಎಂದು ಹೆಂಡತಿಗೆ ಕಣ್ಣಿನಲ್ಲೇ ಹೇಳಿ, ಎಡಗೈಯ ಬೆರಳಿನಿಂದ ಸ್ಪೀಕರ್ ಒತ್ತಿ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟ.

ಮೊದಲು ಮಾತು ಬರಲಿಲ್ಲ. ಬಂದದ್ದು ಮಗುವಿನ ಕಿರುಚಾಟ, ಉಸಿರು ತೆಗೆದುಕೊಳ್ಳಲೂ ನಿಲ್ಲದಂಥದ್ದು, ಅದರ ಹಿಂದೆ ಅಂಜಿನಮ್ಮ ಯಾರನ್ನೋ ಗದರಿಸುತ್ತಿದ್ದಳು. ಆಮೇಲೆ ಯಮುನಾ ಅಳುತ್ತಲೇ ಮಾತಾಡಿದಳು. ಗಂಡನ ಫೋನು ಕಿತ್ತುಕೊಂಡು ಮಾಡುತ್ತಿದ್ದೇನೆ, ತಪ್ಪು ತಿಳಿಯಬೇಡಿ ಎಂದಳು. ಲೋಹಿತ್ ಆ ಕೆಂಪು ಕಾರನ್ನು ಮನೆಯ ಕಾಂಪೌಂಡಿನೊಳಗೇ ತಂದು ನಿಲ್ಲಿಸಿದ್ದಾರೆ, ಸಹಿ ಹಾಕಿದ್ದಾರೆ, ಮೇಷ್ಟ್ರೇ ಮನಸ್ಸು ಬದಲಾಯಿಸಿದರು ಅನ್ನುತ್ತಿದ್ದಾರೆ. "ಅವರು ಸುಳ್ಳು ಹೇಳ್ತಿದಾರೆ ಅಲ್ವಾ ಸಾರ್? ನೀವು ಹಾಗೆ ಹೇಳ್ಲಿಲ್ಲ ಅಲ್ವಾ?"

ಸುಪ್ರಜಾಳ ಕೈಯಲ್ಲಿ ಸೌಟು ಹಾಗೇ ಇತ್ತು. ಅವಳು ಫೋನನ್ನಲ್ಲ, ಗಂಡನನ್ನು ನೋಡುತ್ತಿದ್ದಳು. ಸ್ಪೀಕರ್ ಆರಿಸಲು ಅವನು ಎಡಗೈ ಚಾಚಿದ, ಎಲ್ಲಿ ಒತ್ತಬೇಕೆಂದು ತಿಳಿಯಲಿಲ್ಲ. ಆ ಕಡೆಯಿಂದ ಹೇಳಿ ಸಾರ್, ಹೇಳಿ ಎಂದು ಲೋಹಿತನೂ ಕೂಗುತ್ತಿದ್ದ, ಅವನ ಧ್ವನಿಯಲ್ಲಿ ಸಂಶಯದ ಲವಲೇಶವೂ ಇರಲಿಲ್ಲ.

"ಇಲ್ಲಮ್ಮ," ಎಂದ ಆತ್ರೇಯ. "ನಾನು ಹಾಗೆ ಹೇಳಲಿಲ್ಲ."

ಆ ಕಡೆ ಲೋಹಿತ್ ಸುಮ್ಮನಾದ. ಮಗು ಮಾತ್ರ ಕಿರುಚುತ್ತಿತ್ತು. "ನಂಗೆ ಗೊತ್ತಿತ್ತು ಸಾರ್," ಎಂದಳು ಯಮುನಾ. "ನೀವು ಅಂಥೋರಲ್ಲ."